ರಜೆಗೆ ಮೂರೇ ಕಾರಣ

ಮರುದಾಚಲಂಗೆ ಒಂದು ದಿನದ ರಜೆ ಬೇಕಾಗಿತ್ತು. ಅದನ್ನು ಕೇಳಬೇಕಾದ್ದು ಮನುಷ್ಯರನ್ನಲ್ಲ, ಕಂಪನಿಯ ರಜೆ ಪುಟವನ್ನು. ಆ ಪುಟ ತೆರೆದರೆ 'ಕಾರಣ' ಅನ್ನುವ ಜಾಗದಲ್ಲಿ ಒಂದು ಪಟ್ಟಿ ಇಳಿಯುತ್ತದೆ. ಅದರಲ್ಲಿರುವುದು ಮೂರೇ: ಕಾಯಿಲೆ, ಸಾವು, ಮದುವೆ. ಮನುಷ್ಯನಿಗೆ ನಾಲ್ಕನೆಯ ಕೆಲಸವೊಂದಿರಬಹುದು ಅಂತ ಅದನ್ನು ಮಾಡಿದ ಪುಣ್ಯಾತ್ಮನಿಗೆ ಹೊಳೆದಿರಲಿಲ್ಲ. ಕಾಯಿಲೆ ಒತ್ತಿದರೆ ಡಾಕ್ಟರ ಚೀಟಿ ಕೇಳಿತು. ಸಾವು ಒತ್ತಿದರೆ ಸತ್ತವರು ನಿಮಗೇನಾಗಬೇಕು ಅಂತ ಕೇಳಿತು. ಸೋಮವಾರ ಬೆಳಿಗ್ಗೆ ಎದ್ದು ಯಾರನ್ನು ಸಾಯಿಸುವುದು? ಕೊಯಮತ್ತೂರಿನ ಸಿಂಗಾನಲ್ಲೂರು ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದ ಮರುದಾಚಲಂ ಮೊಬೈಲಿನಲ್ಲಿ 'ಮದುವೆ' ಒತ್ತಿದ. ಅದರ ಕೆಳಗೆ ಇನ್ನೊಂದು ಮರಿಪಟ್ಟಿ ಇಳಿಯಿತು: ತನ್ನದು, ಮಕ್ಕಳದು. ಮೂವತ್ತೆಂಟರ ಬ್ರಹ್ಮಚಾರಿ ಒಂದು ನಿಟ್ಟುಸಿರು ಬಿಟ್ಟು 'ತನ್ನದು' ಒತ್ತಿ, ಧಾರಾಪುರಂ ಬಸ್ಸು ಹತ್ತಿದ.

ಆ ರಜೆ ಪುಟಕ್ಕೆ ಗುಟ್ಟು ಅಂದರೇನೆಂದು ಗೊತ್ತಿಲ್ಲ. ಯಾರು ರಜೆ ಕೇಳಿದರೂ ಕಾರಣದ ಸಮೇತ ಆಫೀಸಿನ ಎಲ್ಲರಿಗೂ ಸುದ್ದಿ ಕಳಿಸಿಬಿಡುತ್ತದೆ. ಆತುರದಲ್ಲಿ ಮರುದಾಚಲಂ ಅದನ್ನು ಮರೆತಿದ್ದ. ಮರೆಯಬಾರದಾಗಿತ್ತು, ಏಕೆಂದರೆ ಇಂಥ ದರಿದ್ರ ಪುಟಗಳನ್ನು ತಿದ್ದಿ ಜನಕ್ಕೆ ಸುಲಭ ಮಾಡಿಕೊಡುವುದೇ ಅವನ ಉದ್ಯೋಗ.

ಅವನು ಕೆಲಸ ಮಾಡುತ್ತಿದ್ದದ್ದು ಕೊಯಮತ್ತೂರಿನ ಒಂದು ಗ್ರೈಂಡರ್ ಕಂಪನಿಯಲ್ಲಿ. ಊರೂರಿನ ಡೀಲರುಗಳು ಗ್ರೈಂಡರು, ಕಲ್ಲು, ಬೆಲ್ಟು ಬೇಕಾದಾಗ ಕಂಪನಿಯ ಪೋರ್ಟಲಿನಲ್ಲಿ ಆರ್ಡರ್ ಹಾಕಬೇಕು. ಆ ಪೋರ್ಟಲ್ ಹೇಗಿತ್ತೆಂದರೆ, ಅತ್ತೆಯೊಬ್ಬಳು ಸೊಸೆಯ ಮೇಲಿನ ಸಿಟ್ಟಿಗೆ ಜೋಡಿಸಿಟ್ಟ ಅಡುಗೆಮನೆಯ ಹಾಗಿತ್ತು. ಬೇಕಾದ್ದು ಯಾವುದೂ ಕೈಗೆ ಸಿಗುತ್ತಿರಲಿಲ್ಲ. ಫ್ಯಾಕ್ಸ್ ನಂಬರು ಬರೆಯದಿದ್ದರೆ ಮುಂದಕ್ಕೆ ಬಿಡುತ್ತಿರಲಿಲ್ಲ. ಡೀಲರುಗಳು ಮನಸ್ಸಿಗೆ ಬಂದ ಅಂಕಿ ಬರೆಯುತ್ತಿದ್ದರು. 'ಆರ್ಡರ್ ಕಳುಹಿಸಿ' ಅನ್ನುವ ಬೂದಿ ಬಣ್ಣದ ಗುಂಡಿ ಪುಟದ ತೀರಾ ಅಡಿಯಲ್ಲಿ ಅಡಗಿ ಕೂತಿತ್ತು. 'ರದ್ದುಮಾಡಿ' ಅನ್ನುವುದು ಮಾತ್ರ ಕೆಂಪಗೆ, ದಪ್ಪಗೆ, ಕಣ್ಣೆದುರಿಗೆ. ಜನ ಅದನ್ನು ಒತ್ತುತ್ತಿದ್ದರು, ಬರೆದದ್ದೆಲ್ಲ ಅಳಿಸಿಹೋಗುತ್ತಿತ್ತು, ಆಮೇಲೆ ಆಫೀಸಿಗೆ ಫೋನ್ ಮಾಡಿ ಬೈಯುತ್ತಿದ್ದರು.

ಬೈಸಿಕೊಳ್ಳುವ ಕೆಲಸ ರೆಜಿನಾ ಅಕ್ಕನದು. ಮರುದಾಚಲಂ ಪ್ರತಿ ವರ್ಷ ಯಜಮಾನ ನಾಚಿಮುತ್ತು ಗೌಂಡರ ಮುಂದೆ ನಿಂತು ಇದನ್ನು ಬದಲಾಯಿಸೋಣ ಅಂತ ಕೇಳಿಕೊಳ್ಳುತ್ತಿದ್ದ. ಗೌಂಡರದು ಪ್ರತಿ ವರ್ಷವೂ ಒಂದೇ ಉತ್ತರ: ಮರುದಮಲೈ ಮುರುಗನನ್ನು ನೋಡಲು ಜನ ಅಷ್ಟೊಂದು ಮೆಟ್ಟಿಲು ಹತ್ತುತ್ತಾರಲ್ಲ, ನಮ್ಮ ಗ್ರೈಂಡರಿಗೂ ಸ್ವಲ್ಪ ಹತ್ತಲಿ.

ಒಂದು ದಿನ ರೆಜಿನಾ ಅಕ್ಕ ಊಟಕ್ಕೆ ಹೋಗಿದ್ದಾಗ ಫೋನ್ ಹೊಡೆದುಕೊಂಡಿತು. ಮರುದಾಚಲಂ ಎತ್ತಿದ. ಬೈಗುಳಕ್ಕೆ ಕಿವಿ ಗಟ್ಟಿ ಮಾಡಿಕೊಂಡವನಿಗೆ, "ಸಾರ್, ನಾನು ಧಾರಾಪುರಂನಿಂದ ತಿಲಗವತಿ. ಗುಂಡಿ ಎಲ್ಲೋ ಓಡಿಹೋಗಿದೆ, ಸ್ವಲ್ಪ ಹುಡುಕಿಕೊಡ್ತೀರಾ?" ಅನ್ನುವ ಧ್ವನಿ ಕೇಳಿಸಿತು. ತಣ್ಣಗಿನ, ಒಳಗೊಳಗೇ ನಗುವ ಧ್ವನಿ. ಅವನು ಹುಡುಕಿಕೊಟ್ಟ. ಮರುದಿನ ಚಹಾ ಹೊತ್ತಿಗೆ ಅದೇ ಧ್ವನಿ ಅವನನ್ನೇ ಕೇಳಿಕೊಂಡು ಬಂತು. ಅದರ ಮರುದಿನವೂ ಬಂತು.

ಹಾಗೆ ವರ್ಷ ಕಳೆಯಿತು. ಅಪ್ಪ ತೀರಿಕೊಂಡ ಮೇಲೆ ಅಂಗಡಿ ನಡೆಸುತ್ತಿರುವುದು ತಾನೇ ಅಂತ ಅವಳು ಹೇಳಿದ್ದಳು. ಅಂಗಡಿಯ ತಗಡಿನ ಮೇಲೆ ಮಳೆ ಬೀಳುವುದು, ಪಕ್ಕದಲ್ಲಿ ಹೊಲಿಗೆ ಯಂತ್ರ ಓಡುವುದು, ಅವಳಮ್ಮ ಒಳಗಿನಿಂದ ಕಾಫಿಗೆ ಕರೆಯುವುದು, ಎಲ್ಲವೂ ಅವನಿಗೆ ಫೋನಿನಲ್ಲಿ ಕೇಳಿ ಕೇಳಿ ಪರಿಚಯವಾಗಿತ್ತು. ಮುಖ ಮಾತ್ರ ನೋಡಿರಲಿಲ್ಲ. ಕೇಳುವ ಧೈರ್ಯವೂ ಆಗಿರಲಿಲ್ಲ. 'ಇನ್ನೂ ಸ್ವಲ್ಪ ಕೆಳಗೆ ಬನ್ನಿ, ಬಲಕ್ಕೆ ನೋಡಿ' ಅನ್ನುವುದರಾಚೆ ಅವನಿಗೆ ಪ್ರೇಮದ ಮಾತು ಬರುತ್ತಿರಲಿಲ್ಲ.

ಅಷ್ಟರಲ್ಲಿ ಈರೋಡಿನ ದೊಡ್ಡ ಡೀಲರೊಬ್ಬ ದೀಪಾವಳಿಯ ಆರ್ಡರನ್ನೆಲ್ಲ ಬರೆದು ಕೆಂಪು ಗುಂಡಿ ಒತ್ತಿ, ತಲೆಕೆಟ್ಟು, ಬೇರೆ ಕಂಪನಿಗೆ ಹೋಗಿಬಿಟ್ಟ. ಗೌಂಡರಿಗೆ ಜ್ಞಾನೋದಯವಾಯಿತು. ಹೊಸದು ಮಾಡು ಅಂದರು.

ಮರುದಾಚಲಂ ಮಾಡಿದ. ತಿಲಗವತಿ ಫೋನಿನಲ್ಲಿ ಹೇಳಿಕೊಂಡ ಒಂದೊಂದು ತೊಂದರೆಯನ್ನೂ ನೆನಪಿಟ್ಟು ತಿದ್ದಿದ. ಅವಳ ಕಣ್ಣು ಮೊದಲು ಎಲ್ಲಿಗೆ ಹೋಗುತ್ತದೆ, ಬೆರಳು ಎಲ್ಲಿ ತಡವರಿಸುತ್ತದೆ ಅಂತ ಊಹಿಸಿ ಊಹಿಸಿ ಗುಂಡಿಗಳನ್ನು ಜೋಡಿಸಿದ. ಅವಳಿಗೆಂದೇ ಮಲ್ಲಿಗೆ ಕಟ್ಟಿದ ಹಾಗೆ ಕಟ್ಟಿದ. ಫ್ಯಾಕ್ಸ್ ಹೋಯಿತು, ಕೆಂಪು ಹೋಯಿತು, ಒಂದೇ ಪುಟದಲ್ಲಿ ಎಲ್ಲ ಮುಗಿಯಿತು. ತಾನು ಕೂತ ಕೊಂಬೆಯನ್ನೇ ಎಷ್ಟು ನಾಜೂಕಾಗಿ ಕಡಿಯುತ್ತಿದ್ದೇನೆ ಅನ್ನುವುದು ಹೊಸ ಪೋರ್ಟಲ್ ಶುರುವಾದ ದಿನವೇ ಅವನಿಗೆ ಗೊತ್ತಾದದ್ದು. ಅವತ್ತು ಚಹಾ ಹೊತ್ತಿಗೆ ಫೋನ್ ಹೊಡೆದುಕೊಳ್ಳಲಿಲ್ಲ. ಅವನ ತೆರೆಯ ಮೇಲೆ ಧಾರಾಪುರಂನ ಆರ್ಡರೊಂದು ತಾನಾಗಿಯೇ ಮೂಡಿತು: ಕಲ್ಲು ಎರಡು, ಬೆಲ್ಟು ನಾಲ್ಕು. ಸದ್ದಿಲ್ಲ, ನಗುವಿಲ್ಲ.

ಗೌಂಡರು ಬೆನ್ನು ತಟ್ಟಿದರು. ರೆಜಿನಾ ಅಕ್ಕ ಕೆಲಸವಿಲ್ಲದೆ ಸ್ವೆಟರ್ ಹೆಣೆಯತೊಡಗಿದಳು. ಮರುದಾಚಲಂ ಮಾತ್ರ ಮಗಳನ್ನು ಗಂಡನ ಮನೆಗೆ ಕಳಿಸಿದವನ ಹಾಗೆ ಫೋನನ್ನೇ ನೋಡುತ್ತ ಕೂತ. ಎರಡು ವಾರ ತಡೆದ. ಕೊನೆಗೆ ಆ ಸೋಮವಾರ, ಹೊಸ ಪೋರ್ಟಲ್ ಡೀಲರುಗಳಿಗೆ ಹೇಗಾಗಿದೆ ಅಂತ ಕಣ್ಣಾರೆ ನೋಡಿಬರಬೇಕು ಅನ್ನುವ ನೆಪವೊಂದನ್ನು ಮಾಡಿಕೊಂಡು, ಇದ್ದುದರಲ್ಲಿ ಒಳ್ಳೆಯ ಅಂಗಿ ಹಾಕಿಕೊಂಡು ಹೊರಟಿದ್ದ.

ಧಾರಾಪುರಂನಲ್ಲಿ 'ದಂಡಾಯುಧಪಾಣಿ ಹೋಂ ನೀಡ್ಸ್' ಹುಡುಕುವುದು ಕಷ್ಟವಾಗಲಿಲ್ಲ. ಗಲ್ಲಾದ ಹಿಂದೆ ಕೂತಿದ್ದವರು ಮಾತ್ರ ಬಿಳೀ ಸೀರೆಯ ಮುದುಕಿ. ಅಂಗಡಿಯ ಜಗಲಿಯ ಮೇಲೆ ದರ್ಜಿ ಜಲೀಲ್ ಭಾಯ್ ಕೂತು ಹೊಲಿಯುತ್ತಿದ್ದರು. ಮುದುಕಿ ತಿಲಗವತಿಯ ತಾಯಿ, ಪಾವಾಯಿ ಅಮ್ಮ. ಕಂಪನಿಯಿಂದ ಬಂದೆ ಅಂದದ್ದೇ ಸ್ಟೂಲು ಬಂತು, ಕಾಫಿ ಬಂತು, ಹೆಸರೇನು ಅನ್ನುವ ಪ್ರಶ್ನೆಯೂ ಬಂತು. ತನ್ನ ಹೆಸರು ಹೇಳುವ ಧೈರ್ಯ ಸಾಲದೆ ಮರುದಾಚಲಂ ಅಪ್ಪನ ಹೆಸರು ಹೇಳಿಬಿಟ್ಟ. "ರಂಗಸಾಮಿ."

ಮಗಳು ಬೆಳಿಗ್ಗೆಯೇ ಕೊಯಮತ್ತೂರಿಗೆ ಹೋದಳು, ನಿಮ್ಮ ಆಫೀಸಿಗೇ, ಅಂದರು ಪಾವಾಯಿ ಅಮ್ಮ. ಹೊಸ ಪೋರ್ಟಲು ಅರ್ಥವಾಗುತ್ತಿಲ್ಲವಂತೆ, ಹೇಳಿಸಿಕೊಂಡು ಬರುತ್ತಾಳಂತೆ. ಪಲ್ಲಡಂ ಹತ್ತಿರ ಎಲ್ಲೋ ಎರಡು ಬಸ್ಸುಗಳೂ ಒಂದನ್ನೊಂದು ದಾಟಿರಬೇಕು.

ಮರುದಾಚಲಂ ಕಾಫಿ ಲೋಟ ಕೆಳಗಿಟ್ಟ. ಅಂಗಡಿಯಿಂದ ಇಳಿದು ರೆಜಿನಾ ಅಕ್ಕನಿಗೆ ಫೋನ್ ಮಾಡಿದ. ಬಿಜಿ. ಮತ್ತೆ ಮಾಡಿದ. ಬಿಜಿ. ಎರಡು ವಾರದಿಂದ ಸತ್ತು ಮಲಗಿದ್ದ ಆ ಫೋನಿಗೆ ಇವತ್ತೇ ಯಾಕೆ ಇಷ್ಟು ಜೀವ ಬಂತೆಂದು ಅವನಿಗೆ ತಿಳಿಯಲಿಲ್ಲ.

ಮರಳಿ ಬಂದು ಕೂತು, ಹೊಸದರಲ್ಲಿ ಏನು ತೊಂದರೆ ಅಂತ ಕೇಳಿದ.

"ತೊಂದರೆ ಏನಿಲ್ಲಪ್ಪ," ಅಂದರು ಪಾವಾಯಿ ಅಮ್ಮ. "ಮೊನ್ನೆ ನಾನು ಧೂಳು ಒರೆಸೋವಾಗ ಬಟ್ಟೆ ತಾಗಿ ಒಂದು ಗ್ರೈಂಡರ್ ಆರ್ಡರ್ ಆಗೋಯ್ತು. ಅಷ್ಟು ಸಲೀಸು. ಆದ್ರೆ ಹಳೇದೇ ಚೆನ್ನಾಗಿತ್ತು. ದಿನಾ ಫೋನ್ ಹಿಡ್ಕೊಂಡು ಕೂತ್ರೆ ಒಳಗೆ ಅಡುಗೆಮನೆಗೆ ಕೇಳೋ ಹಾಗೆ ನಗೋಳು. ಈಗ ಎರಡು ನಿಮಿಷಕ್ಕೆ ಎಲ್ಲಾ ಮುಗಿಯುತ್ತೆ. ಆಮೇಲೆ ಸುಮ್ನೆ ಆ ಫೋನ್ ನೋಡ್ತಾ ಕೂತಿರ್ತಾಳೆ."

ಜಲೀಲ್ ಭಾಯ್ ಹಲ್ಲಿನಲ್ಲಿ ದಾರ ಕಡಿದರು. ಹಳೇದು ಅವಳಿಗೆ ಬರ್ತಿರಲಿಲ್ಲ ಅಂದ್ಕೊಂಡ್ರಾ ಸಾರ್ ಅಂತ ಕೇಳಿದರು. ಕಾಂಗೇಯಂ ಡೀಲರು ಕೂಡ ಇಲ್ಲಿಗೇ ಬಂದು ಕೂರುತ್ತಿದ್ದನಂತೆ. ಅವನ ಆರ್ಡರನ್ನೂ ಇವಳೇ ಕಣ್ಣು ಮುಚ್ಚಿಕೊಂಡು ಹಾಕಿಕೊಡುತ್ತಿದ್ದಳಂತೆ. ಒಂದು ಸಲವೂ ಕೆಂಪು ಗುಂಡಿಗೆ ಕೈ ಹೋದದ್ದಿಲ್ಲ.

"ಮತ್ತೆ ದಿನಾ ಯಾಕೆ ಫೋನ್ ಮಾಡ್ತಿದ್ರು?" ಮರುದಾಚಲಂನ ಧ್ವನಿ ಅವನಿಗೇ ಕೇಳಿಸದಷ್ಟು ಸಣ್ಣಗಿತ್ತು.

"ಅದನ್ನ ನನ್ನ ಕೇಳಿದ್ರೆ? ನಿಮ್ಮ ಆಫೀಸಲ್ಲಿ ಮರುದಾಚಲಂ ಅಂತ ಒಬ್ಬ ಇದ್ದಾನಂತಲ್ಲ, ಅವನ್ನ ಕೇಳಿ," ಅಂದರು ಜಲೀಲ್ ಭಾಯ್.

ಒಂದು ವರ್ಷ. ಇಡೀ ಒಂದು ವರ್ಷ ಅವಳು ಗೊತ್ತಿದ್ದ ಗುಂಡಿಯನ್ನು ಗೊತ್ತಿಲ್ಲ ಅಂದಿದ್ದಳು, ಅವನು 'ಕೆಳಗೆ ಬನ್ನಿ' ಅಂದಿದ್ದ. ಎದುರಿನ ಬೀದಿ, ಬೀದಿಯ ಬಿಸಿಲು, ಬಿಸಿಲಲ್ಲಿ ಒಣಗುತ್ತಿದ್ದ ಮೆಣಸಿನಕಾಯಿ, ಎಲ್ಲವೂ ಇದ್ದಕ್ಕಿದ್ದ ಹಾಗೆ ಅವನಿಗೆ ಹತ್ತಿರದ ನೆಂಟರಾಗಿ ಕಂಡವು. ಹೆಸರು ತಪ್ಪು ಹೇಳಿದ್ದಕ್ಕೆ ಕ್ಷಮೆ ಕೇಳಿ, ನಾನೇ ಅವನು ಅಂದುಬಿಡೋಣ ಅಂತ ಸ್ಟೂಲಿನಿಂದ ಎದ್ದ. ಗಂಟಲು ಸರಿಮಾಡಿಕೊಂಡ.

ಅಷ್ಟರಲ್ಲಿ ಪಾವಾಯಿ ಅಮ್ಮನಿಗೆ ಫೋನ್ ಬಂತು. ಮಗಳದೇ. ಅಮ್ಮ ಬರೀ ಹೂಂ, ಹೂಂ ಅನ್ನುತ್ತ ಕೇಳಿಸಿಕೊಂಡರು. ಕೇಳುತ್ತ ಕೇಳುತ್ತ ಕಣ್ಣಲ್ಲಿ ನೀರು ತುಂಬಿಕೊಂಡಿತು. ಫೋನ್ ಇಟ್ಟವರು ಪಳನಿ ದಿಕ್ಕಿಗೆ ತಿರುಗಿ ಕೈಮುಗಿದು, ಒಳಗೆ ಹೋಗಿ ಸಕ್ಕರೆ ಡಬ್ಬಿಯನ್ನೇ ತಂದು, ಜಲೀಲ್ ಭಾಯ್ ಬಾಯಿಗೊಂದು ಚಮಚ, ಮರುದಾಚಲಂ ಬಾಯಿಗೊಂದು ಚಮಚ ಹಾಕಿದರು.

ಮಗಳಿಗೊಂದು ಸಂಬಂಧ ಬಂದಿತ್ತಂತೆ, ಕರೂರಿನಲ್ಲಿ ಬಸ್ಸಿಗೆ ಬಾಡಿ ಕಟ್ಟುವ ವರ್ಕ್‌ಶಾಪ್ ಇಟ್ಟುಕೊಂಡ ಒಳ್ಳೆಯ ಹುಡುಗ. ಕೇಳಿ ಕೇಳಿ ಹುಡುಗನ ಕಡೆಯವರಿಗೇ ಸಾಕಾಗಿತ್ತು. ಇವಳು ಒಂದು ವರ್ಷದಿಂದ ಬೇಡ ಅಂತ ಹಟ ಹಿಡಿದಿದ್ದಳು. ಇವತ್ತು ಒಪ್ಪಿಕೊಂಡಳು.

"ಹೇಗೆ ಒಪ್ಪಿದ್ರು?" ಸಕ್ಕರೆಯ ನಡುವಿನಿಂದ ಮರುದಾಚಲಂ ಕೇಳಿದ.

"ನಿಮ್ಮ ಆಫೀಸಲ್ಲಿ ಆ ಮರುದಾಚಲಂ ಇದ್ದಾರಲ್ಲ, ಅವರಿಗೆ ಮದುವೆ ಗೊತ್ತಾಯ್ತಂತೆ ತಂಬಿ. ಇವತ್ತು ಅದಕ್ಕೇ ರಜೆಯಂತೆ. ಯಾರೋ ಅಕ್ಕ ಎಲ್ಲರಿಗೂ ಮೈಸೂರುಪಾಕ್ ಹಂಚಿದರಂತೆ, ಇವಳು ದೂರದಿಂದ ಬಂದವಳು ಅಂತ ಎರಡು ಕೊಟ್ಟರಂತೆ. 'ಎಲ್ಲರೂ ಮದುವೆ ಆಗ್ತಿದ್ದಾರಮ್ಮ, ನಾನೊಬ್ಬಳು ಯಾಕೆ ಕಾಯಲಿ, ಕರೂರಿನವರಿಗೆ ಹೂಂ ಅಂದುಬಿಡು' ಅಂದಳು. ಆ ಪುಣ್ಯಾತ್ಮನಿಗೆ ಒಳ್ಳೇದಾಗಲಿ. ಅವನಿಂದ ನನ್ನ ಮಗಳಿಗೆ ಬುದ್ಧಿ ಬಂತು."

ಮರುದಾಚಲಂಗೆ ರಜೆ ಪುಟ ನೆನಪಾಯಿತು. ರೆಜಿನಾ ಅಕ್ಕನ ಫೋನ್ ಯಾಕೆ ಬಿಜಿಯಾಗಿತ್ತು ಅನ್ನುವುದೂ ತಿಳಿಯಿತು. ಇನ್ನೂ ಹೊತ್ತು ಮೀರಿಲ್ಲ, ಈಗ ಹೇಳಬೇಕು. ಹೇಳಬೇಕು ಅಂತಲೇ ಬಾಯಿ ತೆರೆದ.

ಪಾವಾಯಿ ಅಮ್ಮ ತಮ್ಮ ಫೋನನ್ನು ಅವನ ಕೈಗಿಟ್ಟರು. "ನನಗೆ ಇದರಲ್ಲಿ ಹುಡುಕೋಕೆ ಬರಲ್ಲ ತಂಬಿ. ಕರೂರು ಅಂತ ಹಾಕಿರ್ತಾಳೆ. ಸ್ವಲ್ಪ ಒತ್ತಿಕೊಡಿ. ಅವಳ ಮನಸ್ಸು ಬದಲಾಗೋದರೊಳಗೆ ಮಾತು ಕೊಟ್ಟುಬಿಡ್ತೀನಿ."

ಅವನು ಆ ಮುದುಕಿಯ ಮುಖ ನೋಡಿದ. ಗಂಡ ಹೋದ ಮೇಲೆ ಆ ಮುಖ ಇವತ್ತೇ ಮೊದಲ ಸಲ ಅರಳಿರಬೇಕು, ಹಾಗಿತ್ತು. ಇವರ ಮಗಳಿಗೆ ಗಂಡು ಗೊತ್ತಾಗಿದೆ, ವರ್ಕ್‌ಶಾಪ್ ಇದೆ, ತನ್ನ ಹತ್ತಿರ ಏನಿದೆ? ತಪ್ಪು ಹೆಸರೊಂದು, ಅಷ್ಟೇ. ಅವನು ಯೋಚನೆ ಮಾಡುತ್ತಿದ್ದಂತೆಯೇ ಅವನ ಹೆಬ್ಬೆರಳು, ಎಷ್ಟೋ ವರ್ಷದ ಅಭ್ಯಾಸದಿಂದ, ಬೇಕಾದ ಜಾಗಕ್ಕೆ ತಾನೇ ಹೋಗಿ ತಾನೇ ಒತ್ತಿಬಿಟ್ಟಿತು. ಅತ್ತ ಫೋನ್ ಹೊಡೆದುಕೊಳ್ಳತೊಡಗಿತು. ಅವನು ಅದನ್ನು ಪಾವಾಯಿ ಅಮ್ಮನ ಕಿವಿಗೆ ಹಿಡಿದುಕೊಟ್ಟ.

ಊಟ ಮಾಡದೆ ಬಿಡಲಿಲ್ಲ. ಹೆಸರುಕಾಳಿನ ಸಾರು, ಅನ್ನ, ಮೇಲೊಂದಿಷ್ಟು ಪಾಯಸ. ಬೀದಿಯವರೆಲ್ಲ ಬಂದು ಸಂತೋಷಪಟ್ಟು, ಕಾಲ್ಗುಣ ಒಳ್ಳೇದು ಸಾರ್ ನಿಮ್ಮದು ಅಂತ ಹೇಳಿ ಹೋದರು. ಇಳಿಹೊತ್ತಿಗೆ ಮರುದಾಚಲಂ ಬಸ್ ಸ್ಟ್ಯಾಂಡಿಗೆ ಬಂದ. ಕೊಯಮತ್ತೂರಿನಿಂದ ಬಂದ ಬಸ್ಸು ಅಲ್ಲೇ ತಿರುಗಿ ಹೊರಡುವುದಿತ್ತು. ಹತ್ತುವ ಜನ ಇಳಿಯುವವರಿಗೆ ಜಾಗ ಬಿಡದೆ ಬಾಗಿಲಿಗೆ ಮುತ್ತಿಕೊಂಡಿದ್ದರು. ಅವನೂ ಅವರ ನಡುವೆ ಸಿಕ್ಕಿಕೊಂಡು ಮೆಟ್ಟಿಲಿಗೆ ಅಡ್ಡ ನಿಂತಿದ್ದ.

ಮೇಲಿನಿಂದ ಒಂದು ಧ್ವನಿ ಬಂತು. "ಸಾರ್, ಸ್ವಲ್ಪ ಜರುಗಿ. ಇಳಿಯೋರಿದ್ದಾರೆ."

ತಣ್ಣಗಿನ ಧ್ವನಿ. ಅದರೊಳಗಿನ ನಗು ಮಾತ್ರ ಇರಲಿಲ್ಲ. ಅವನು ತಲೆಯೆತ್ತಿದ. ನೀಲಿ ಸೀರೆ, ಗೋಧಿ ಬಣ್ಣದ ಮುಖ, ಬಿಸಿಲಿಗೆ ಬಾಡಿದ ಮಲ್ಲಿಗೆ. ಒಂದು ವರ್ಷದಿಂದ ಊಹಿಸಿಕೊಂಡದ್ದಕ್ಕಿಂತ ಸ್ವಲ್ಪ ವಯಸ್ಸಾದ, ಊಹಿಸಿಕೊಂಡದ್ದಕ್ಕಿಂತ ಎಷ್ಟೋ ಚೆಂದದ ಮುಖ. ತಾನು ಬಾಯಿ ತೆರೆದರೆ, ಒಂದೇ ಒಂದು ಮಾತು ಆಡಿದರೆ, ಅವಳಿಗೂ ಗೊತ್ತಾಗಿಬಿಡುತ್ತದೆ ಅನ್ನುವುದು ಅವನಿಗೆ ಗೊತ್ತಿತ್ತು. ಕರೂರಿಗೆ ಮಾತು ಹೋಗಿಯಾಗಿತ್ತು, ಒತ್ತಿದ್ದು ತಾನೇ. ಅವನು ತುಟಿ ಬಿಗಿಹಿಡಿದು, ಹಿಂದಿದ್ದವರನ್ನು ಬೆನ್ನಿನಿಂದ ತಳ್ಳಿ, ಅವಳಿಗೆ ದಾರಿ ಮಾಡಿಕೊಟ್ಟ. ಅವಳು ಇಳಿದು, ಮುಖ ನೋಡದೆ ತಲೆಯಾಡಿಸಿ, ಜನರ ನಡುವೆ ಹೋದಳು.

ಬಸ್ಸು ಊರು ದಾಟಿದ ಮೇಲೆ ಅವನ ಫೋನ್ ಹೊಡೆದುಕೊಂಡಿತು. ರೆಜಿನಾ ಅಕ್ಕ. ಆಫೀಸಿನವರೆಲ್ಲ ಸುತ್ತ ನಿಂತು ಕೇಳಿಸಿಕೊಳ್ಳುತ್ತಿರುವುದು ಉಸಿರಾಟದಲ್ಲೇ ತಿಳಿಯುತ್ತಿತ್ತು.

"ಹುಡುಗಿ ನೋಡಿದ್ಯಾ ತಂಬಿ?"

"ನೋಡಿದೆ ಅಕ್ಕ."

"ಹಿಡಿಸಿದ್ಳಾ?"

"ಹಿಡಿಸಿದ್ರು."

"ಮಾತಾಡಿದ್ಳಾ?"

"ಮಾತಾಡಿದ್ರು."

"ಏನಂದ್ಳು, ಬೇಗ ಹೇಳು, ಯಜಮಾನರೂ ಇಲ್ಲೇ ಇದ್ದಾರೆ."

ಮರುದಾಚಲಂ ಕಿಟಕಿಯಾಚೆ ಹಿಂದಕ್ಕೆ ಓಡುತ್ತಿದ್ದ ಗಾಳಿಯಂತ್ರಗಳನ್ನು ನೋಡಿದ.

"ಸ್ವಲ್ಪ ಜರುಗಿ ಅಂದ್ರು ಅಕ್ಕ."