ಗಾಲಿ ಇಲ್ಲದ ಕುರ್ಚಿ

ಚೇಷ್ಟೆ ಮಾಡಿ ಸಿಕ್ಕಿಬೀಳದಿರುವುದು ಒಂದು ವಿದ್ಯೆ. ಎಪ್ಪತ್ತು ದಾಟಿದ ಅನುಭವದಿಂದ ಹೇಳುತ್ತೇನೆ, ಜಮಖಂಡಿಯಲ್ಲಿ ಈ ವಿದ್ಯೆಯನ್ನು ನನ್ನಷ್ಟು ಬಲ್ಲವರು ಇನ್ನೊಬ್ಬರಿಲ್ಲ. ಮುಧೋಳದಲ್ಲಿ ಒಬ್ಬರಿದ್ದರು, ಸಿಕ್ಕಿಬಿದ್ದರು. ಹೋದ ತಿಂಗಳು ನಮ್ಮೂರಿನ ಒಂದು ಸರ್ಕಾರಿ ಕಚೇರಿಯ ಮೆಟ್ಟಿಲ ಪಕ್ಕದಲ್ಲಿ ಸಿಮೆಂಟಿನ ಇಳಿಜಾರು ಕಟ್ಟಿ, ‘ಗಾಲಿಕುರ್ಚಿಯವರಿಗೆ ಮಾತ್ರ’ ಎಂದು ಬರೆದ ಬಿಳಿ ಹಲಗೆ ನಿಲ್ಲಿಸಿದರು. ಕಂಡೊಡನೆ ನನ್ನ ಬೆರಳು ತುರಿಸಿತು. ಎಲೆಯಡಿಕೆ ಚೀಲದ ಸುಣ್ಣ ತೆಗೆದು ‘ಗಾಲಿ’ಯ ಮೇಲೆ ದಪ್ಪಗೆ ಬಳಿದೆ. ‘ಕುರ್ಚಿಯವರಿಗೆ ಮಾತ್ರ’ ಉಳಿಯಿತು. ಚಹಾದಂಗಡಿಯಲ್ಲಿ ಎರಡು ದಿನ ಅದೇ ನಗೆ. ಮೂರನೆಯ ದಿನದಿಂದ, ಒಳಗೆ ಕುರ್ಚಿಯುಳ್ಳ ಗುಮಾಸ್ತರೆಲ್ಲ ತಮ್ಮ ಸ್ಕೂಟರುಗಳನ್ನು ಅಲ್ಲಿಯೇ ನಿಲ್ಲಿಸತೊಡಗಿದರು. ನಾನು ಇನ್ನಷ್ಟು ನಕ್ಕೆ.

ಹುನ್ನೂರಿನಲ್ಲಿರುವ ನನ್ನ ಅಕ್ಕ ಗಂಗವ್ವ ಸಾಲಿಯಲ್ಲಿ ಟೀಚರಾಗಿದ್ದವಳು. ಕಾಲು ಸ್ವಾಧೀನ ತಪ್ಪಿದ ಮೇಲೆ ಗಾಲಿಕುರ್ಚಿಯೇ ಅವಳ ಓಡಾಟ. ಹೋದ ವರ್ಷ ಇದೇ ಕಚೇರಿಯ ಮೆಟ್ಟಿಲ ಮೇಲೆ ನಾಲ್ವರು ಅವಳನ್ನು ಎತ್ತಿ ಒಯ್ಯುವಾಗ ಸೀರೆ ಜಾರಿ, ಅಷ್ಟು ಮಂದಿಯ ಮುಂದೆ ಅವಳು ಕಣ್ಣು ಮುಚ್ಚಿಕೊಂಡಿದ್ದಳು. ಬಂದ ಕೆಲಸ ಅರ್ಧಕ್ಕೇ ಬಿಟ್ಟು ಹೋದವಳು ಮತ್ತೆ ಮನೆಯ ಹೊಸ್ತಿಲು ದಾಟಿರಲಿಲ್ಲ. ಇಳಿಜಾರು ಆದ ಸುದ್ದಿ ಕೇಳಿ, ಮನೆಯನ್ನು ಮೊಮ್ಮಗಳ ಹೆಸರಿಗೆ ಬರೆದುಕೊಡಲು ನನ್ನನ್ನು ಕರೆದುಕೊಂಡು ಹೊರಟಳು. “ನನ್ನ ಯಾರೂ ಎತ್ತಂಗಿಲ್ಲ ನೋಡ. ಎತ್ತೂದಾದ್ರ ತಿರುಗಿ ಮನಿಗೆ ಹೋಗೂದ,” ಎಂದು ಮೊದಲೇ ಹೇಳಿದ್ದಳು.

ಆಟೋದಿಂದ ಇಳಿದು ನೋಡಿದರೆ ಇಳಿಜಾರಿನ ತುಂಬ ಸ್ಕೂಟರು. ಗುಮಾಸ್ತರೊಬ್ಬರನ್ನು ಕರೆದು ಸ್ಕೂಟರು ತೆಗೆಯಲು ಹೇಳಿದೆ.

“ಬೋರ್ಡ್ ಓದ್ರಿ ಯಜಮಾನ್ರ, ಕುರ್ಚಿಯವ್ರಿಗೆ ಮಾತ್ರ ಐತಿ. ಅಕ್ಕಾರನ್ನ ನಾಕ ಮಂದಿ ಎತ್ತಿ ಒಳಗ ತರ್ತೇವ್ರಿ, ಅದೇನ್ ದೊಡ್ಡ ಮಾತ?”

ಅಕ್ಕ ಸೆರಗನ್ನು ಬಿಗಿಯಾಗಿ ಹಿಡಿದುಕೊಂಡಳು. “ನಡಿಯೋ ತಮ್ಮಾ, ಮನಿಗೆ ಹೋಗೂಣು.”

“ಗಾಲಿ ಅಳಿಸಿದಾವ ನಾನ್ರಿ!” ಎಂದುಬಿಟ್ಟೆ.

ಅಲ್ಲಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. “ಕಾಕಾ ಮತ್ತ ಶುರು ಮಾಡಿದ್ನಪಾ!” ನನ್ನ ಜೀವಮಾನದ ಯಾವ ಸುಳ್ಳಿಗೂ ಅಷ್ಟು ನಗು ಸಿಕ್ಕಿರಲಿಲ್ಲ. ಹೆಗಲ ಮೇಲಿನ ಟವೆಲ್ಲನ್ನು ನೀರಲ್ಲಿ ಅದ್ದಿ ಹಲಗೆ ಉಜ್ಜಿದೆ. ‘ಗಾಲಿ’ ಕಾಣಿಸಿತು. ನಗು ನಿಂತಿತು. ಗುಮಾಸ್ತರು ಯಾರ ಮುಖವನ್ನೂ ನೋಡದೆ ಕಿಸೆಯಲ್ಲಿ ಕೀಲಿ ಹುಡುಕತೊಡಗಿದರು.

ದಾರಿ ತೆರವಾದಾಗ ಕುರ್ಚಿ ತಳ್ಳಲು ಕೈ ಹಾಕಿದೆ.

“ಕೈ ತಗಿ,” ಎಂದಳು ಅಕ್ಕ. “ನೀ ಮೆಟ್ಟಲಾ ಹತ್ತಿ ಬಾ.”

ತಾನೇ ಎರಡೂ ಕೈಯಿಂದ ಗಾಲಿ ತಿರುಗಿಸುತ್ತ ಮೆಲ್ಲಗೆ ಮೇಲೇರಿದಳು. ನಾನು ಮೊಣಕಾಲು ಹಿಡಿದುಕೊಂಡು, ಮೆಟ್ಟಿಲ ನಡುವೆ ಎರಡು ಸಲ ಕುಳಿತು, ಒಳಗೆ ಮುಟ್ಟುವಷ್ಟರಲ್ಲಿ ಅಕ್ಕನ ಸಹಿಯ ಶಾಯಿ ಒಣಗಿತ್ತು.