ಏಳು ದಿನ ದಡವೇ ಇಲ್ಲ

ಎಲ್ಲ ಅನಾಹುತಕ್ಕೂ ಕಾರಣ ಒಂದು ಕಾಗದ. ಅದನ್ನು ತಂದವನು ಟೈಲರನ ಭಾವಮೈದ, ಪ್ರವಾಸದ ಟಿಕೆಟ್ ಮಾರುವವನು. ಬೆಳಿಗ್ಗೆ ಅಂಗಡಿ ತೆರೆಯುವ ಹೊತ್ತಿಗೇ ಬಂದು, ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಅದನ್ನು ಹರಡಿದ.

"ನೋಡಿ ಭಾವ, ಎರಡು ಹಡಗು. ಎರಡೂ ಹತ್ತು ದಿನದ್ದು, ಎರಡೂ ಈ ಗುರುವಾರ ಬೆಳಿಗ್ಗೆ ಹೊರಡುತ್ವೆ. ಒಂದು ಎಂಟು ಬಂದರಲ್ಲಿ ನಿಲ್ಲುತ್ತೆ, ಬರೀ ಸಮುದ್ರ ಅಂದ್ರೆ ಎರಡೇ ದಿನ. ಇನ್ನೊಂದು ಹೊರಟ ಮೇಲೆ ಏಳು ದಿನ ಸಮುದ್ರವೇ. ಕೊನೆಗೆ ಮೂರು ಬಂದರು. ಯಾವುದು ಅಂತ ಸಂಜೆ ಆರರೊಳಗೆ ಹೇಳಿಬಿಡಿ."

ಹೇಳಿದವನೇ ಹೊರಟುಹೋದ. ಬೆಂಕಿ ಹಚ್ಚುವವರು ಸಾಮಾನ್ಯವಾಗಿ ನಿಂತು ನೋಡುವುದಿಲ್ಲ.

ಹಿಂದಿನ ಕೋಣೆಯಲ್ಲಿ ಗುಂಡಿ ಹೊಲಿಯುತ್ತಿದ್ದ ಹೆಂಡತಿ ಸೂಜಿ ಹಿಡಿದುಕೊಂಡೇ ಹೊರಗೆ ಬಂದಳು. "ಎಂಟು ಬಂದರಿನದ್ದೇ ಆಗಲಿ. ಇಪ್ಪತ್ತು ವರ್ಷದಿಂದ ಈ ಸ್ಟೂಲ್ ಮೇಲೆ ಕೂತು ಕೂತು ಸಾಕಾಗಿದೆ. ಹಡಗಲ್ಲೂ ಹೋಗಿ ಕೂತ್ಕೊಳ್ಳೋಕೆ ನಾನೇನು ಗೊಂಬೇನಾ? ನಂಗೆ ಇಳೀಬೇಕು, ಬೀದಿ ಬೀದಿ ಸುತ್ತಬೇಕು."

"ಸಮುದ್ರ ನೋಡೋಕೆ ಅಂತ ಹೋಗೋದು ಕಣೇ! ಇಳಿಯೋಕೆ ಹಡಗು ಯಾಕೆ, ಬಸ್ಸು ಸಾಲದಾ?"

ಹಾಗೆಂದು ಟೈಲರನಿಗೆ ಸಮುದ್ರದ ಮೇಲೆ ಅಂಥ ಪ್ರೀತಿಯೇನೂ ಇರಲಿಲ್ಲ. ಅವನಿಗೆ ಬೇಕಾಗಿದ್ದದ್ದು ಗಿರಾಕಿಗಳು ಬರಲಾಗದ ಒಂದು ಜಾಗ. ಹೊಲಿಗೆಯಲ್ಲಿ ಅವನ ಕೈ ಚಿನ್ನ. ಆದರೆ ಯಾವ ಬಟ್ಟೆ ಕೊಟ್ಟರೂ "ಗುರುವಾರ ಬನ್ನಿ" ಎನ್ನುತ್ತಿದ್ದ. ಯಾವ ಗುರುವಾರ ಎಂದು ಮಾತ್ರ ಹೇಳುತ್ತಿರಲಿಲ್ಲ. ಗಿರಾಕಿಗಳು ಅವನನ್ನು ಬಸ್ಸಿನಲ್ಲಿ ಹಿಡಿದಿದ್ದರು, ಕ್ಷೌರದ ಕುರ್ಚಿಯಲ್ಲಿ ಹಿಡಿದಿದ್ದರು. ಬಂದರೆಂದರೆ ದಡ, ದಡವೆಂದರೆ ಜನ, ಜನವೆಂದರೆ ಮೈಮೇಲೆ ಬಟ್ಟೆ, ಬಟ್ಟೆಯೆಂದರೆ ಮತ್ತೆ ಅದೇ ಗೋಳು. ಏಳು ದಿನ ಯಾರೂ ಏನೂ ಕೇಳದೆ ನಿದ್ದೆ ಮಾಡಬೇಕು, ಅಷ್ಟೇ ಅವನ ಆಸೆ.

ಹೆಂಡತಿ ಜಾಣೆ. "ಇವತ್ತು ಅಂಗಡಿಗೆ ಬಂದವರನ್ನೆಲ್ಲ ಕೇಳೋಣ. ಹೆಚ್ಚು ಜನ ಏನು ಹೇಳ್ತಾರೋ ಅದೇ" ಎಂದು ಗೋಡೆಗೆ ದೊಡ್ಡ ಕಾಗದವೊಂದನ್ನು ಅಂಟಿಸಿ, ಒಂದು ಕಡೆ 'ಸಮುದ್ರ', ಇನ್ನೊಂದು ಕಡೆ 'ಬಂದರು' ಎಂದು ಬರೆದಳು. ಬಂದರಿನ ಕೆಳಗೆ ತನ್ನದೊಂದು ಗೀಟು ಮೊದಲೇ ಎಳೆದುಕೊಂಡಳು.

ಮೊದಲು ಬಂದವನು ಬೇಕರಿಯವನು. ಹದಿನಾಲ್ಕು ತಿಂಗಳಲ್ಲಿ ಅವನ ಪ್ಯಾಂಟಿನ ಅಳತೆಯನ್ನು ನಾಲ್ಕು ಸಲ ತೆಗೆದಾಗಿತ್ತು. ಅಷ್ಟರಲ್ಲಿ ಪ್ಯಾಂಟು ಮುಂದುವರಿದಿರಲಿಲ್ಲ, ಸೊಂಟ ಮಾತ್ರ ಮುಂದುವರಿದಿತ್ತು.

"ಬಂದರೇ ಸರಿ ಕಣ್ರೀ. ಹೊಸ ಹೊಸ ಊರು, ಹೊಸ ಹೊಸ ಬ್ರೆಡ್ಡು..."

ಅವನು ಮಾತು ಮುಗಿಸುವ ಮೊದಲೇ ಟೈಲರ್ ಅವನ ತೋಳು ಹಿಡಿದು ಬಟ್ಟೆ ಬದಲಿಸುವ ಪರದೆಯ ಹಿಂದಕ್ಕೆ ಎಳೆದ. "ಏಳು ದಿನ ದಡವೇ ಇಲ್ಲ ಸ್ವಾಮಿ! ಯಾರೂ ಬರೋ ಹಾಗಿಲ್ಲ, ಯಾರೂ ಹೋಗೋ ಹಾಗಿಲ್ಲ. ಅಂಥ ಸುಖ ಎಲ್ಲಿದೆ? ಸಮುದ್ರ ಅಂದುಬಿಡಿ. ಗುರುವಾರ ಸಂಜೆ ನಿಮ್ಮ ಪ್ಯಾಂಟು ನಿಮ್ಮ ಕೈಯಲ್ಲಿ."

"ಈ ಗುರುವಾರಾನಾ?"

"ನನ್ನ ಕತ್ತರಿಯಾಣೆ, ಇದೇ ಗುರುವಾರ!"

ಬೇಕರಿಯವನು ಹೊರಗೆ ಬಂದು ಸಮುದ್ರದ ಕೆಳಗೆ ಗೀಟೆಳೆದ. ಗುರುವಾರ ಸಂಜೆಯ ಹೊತ್ತಿಗೆ ತಾನು ದಡ ಬಿಟ್ಟು ಅರ್ಧ ದಿನವಾಗಿರುತ್ತದೆ ಎಂಬ ಸಣ್ಣ ವಿಷಯವನ್ನು ಟೈಲರ್ ಎತ್ತಲಿಲ್ಲ. ಹಾವೂ ಸತ್ತಿತು, ಕೋಲೂ ಮುರಿಯಲಿಲ್ಲ ಎಂದು ಒಳಗೊಳಗೇ ಹಿಗ್ಗಿದ.

ಆಮೇಲೆ ಎದುರಿನ ಕ್ಲಿನಿಕ್ಕಿನ ಹಲ್ಲಿನ ಡಾಕ್ಟರು ಇಸ್ತ್ರಿಗೆ ಕೊಟ್ಟಿದ್ದ ತಮ್ಮ ಬಿಳಿ ಕೋಟು ಒಯ್ಯಲು ಬಂದರು. "ಅಲೆ ನೆನೆಸಿಕೊಂಡ್ರೇ ನಂಗೆ ಹೊಟ್ಟೆ ತೊಳೆಸುತ್ತೆ, ಬಂದರೇ ಇರಲಿ" ಎಂದರು.

"ಹೋಗೋದು ನಾನು ಡಾಕ್ಟ್ರೇ, ತೊಳೆಸೋ ಹೊಟ್ಟೇನೂ ನಂದೇ!" ಎಂದು ಟೈಲರ್ ಅವರನ್ನೂ ಪರದೆಯ ಹಿಂದೆ ಕರೆದೊಯ್ದ. ಏಳು ದಿನದ ವರ್ಣನೆ ಈ ಸಲ ಇನ್ನೂ ಉದ್ದವಾಯಿತು. ಅದು ಮುಗಿಯುವಷ್ಟರಲ್ಲಿ ಮೇಜಿನ ಮೇಲೆ ಮರೆತ ಇಸ್ತ್ರಿ ಪೆಟ್ಟಿಗೆ ಆ ಕೋಟಿನ ಬೆನ್ನಿನ ಮೇಲೆ ಹೊಗೆಯಾಡುತ್ತಿತ್ತು. ಎತ್ತಿ ನೋಡಿದರೆ ಕಂದು ಬಣ್ಣದ ಹಡಗೊಂದು ಅಚ್ಚುಕಟ್ಟಾಗಿ ಮೂಡಿತ್ತು.

"ಇದೇನ್ರೀ ಇದು?"

"ಗುರುವಾರ ಸಂಜೆ ಹೊಸದೇ ಒಂದು ಕೊಡ್ತೀನಿ!" ಡಾಕ್ಟರು ಹಲ್ಲು ಕಡಿಯುತ್ತ ಸಮುದ್ರಕ್ಕೆ ಗೀಟೆಳೆದರು.

ಮಧ್ಯಾಹ್ನದ ಹೊತ್ತಿಗೆ ಸುದ್ದಿ ಬೀದಿಗೆಲ್ಲ ಹಬ್ಬಿತು. ಟೈಲರ್ ಬಟ್ಟೆ ಕೊಡುತ್ತಿದ್ದಾನಂತೆ, ಸುಮ್ಮನೆ ಗೀಟೆಳೆದರೆ ಸಾಕಂತೆ! ಆಸೆ ಬಿಟ್ಟವರೆಲ್ಲ ರಸೀತಿ ಹುಡುಕಿಕೊಂಡು ಬಂದರು. ಯಾರದೋ ವಿಳಾಸ ಕೇಳಲು ಒಳಗೆ ಬಂದ ಅಪರಿಚಿತನೊಬ್ಬ ಒಂದು ಜುಬ್ಬಾದ ಮಾತು ಪಡೆದುಕೊಂಡು ಹೋದ. ವಿಳಾಸ ಮಾತ್ರ ಅವನಿಗೆ ಸಿಗಲಿಲ್ಲ.

ನಾಲ್ಕು ಗಂಟೆಗೆ ಶಾಲೆಯ ಹೆಡ್ ಮೇಡಂ ಬಂದರು. ಅಂಗಡಿಯಲ್ಲಿ ಗಲಾಟೆ ತಾನಾಗಿಯೇ ನಿಂತಿತು. ಅವರು ಕೋಟಿಗೆ ಬಟ್ಟೆ ಕೊಟ್ಟು ಮೂರು ವರ್ಷವಾಗಿತ್ತು. ಏಳು ದಿನದ ವರ್ಣನೆಯನ್ನೂ ಗುರುವಾರ ಸಂಜೆಯ ಮಾತನ್ನೂ ಅವರು ಪಾಠ ಒಪ್ಪಿಸುವುದನ್ನು ಕೇಳುವಂತೆ ಪೂರ್ತಿ ಕೇಳಿದರು.

"ಯಾರೂ ಎಲ್ಲಿಗೂ ಹೋಗೋ ಹಾಗಿಲ್ಲ ಅಂತೀರಿ?"

"ಖಂಡಿತ ಇಲ್ಲ ಮೇಡಂ."

"ಕೋಟು ಗುರುವಾರ ಸಂಜೆ. ಹಡಗು ಯಾವತ್ತು?"

ಟೈಲರ್ ಅಳತೆ ಟೇಪನ್ನು ಬೆರಳಿಗೆ ಸುತ್ತತೊಡಗಿದ. "ಅದೆಲ್ಲಾ... ನನ್ನ ಭಾವಮೈದನಿಗೆ ಗೊತ್ತು ಮೇಡಂ."

"ಸರಿ" ಎಂದು ಅವರು ಸ್ಕೇಲು ಇಟ್ಟಷ್ಟು ನೇರವಾಗಿ ಸಮುದ್ರಕ್ಕೆ ಗೀಟೆಳೆದು ಹೊರಟರು.

ಆರು ಗಂಟೆಗೆ ಎಣಿಸಿದರೆ ಸಮುದ್ರಕ್ಕೆ ಹದಿಮೂರು ಗೀಟು, ಬಂದರಿಗೆ ಒಂದೇ. ಹೆಂಡತಿ ಸೂಜಿಗೆ ದಾರ ಪೋಣಿಸಲು ಹೋದಳು, ಕಣ್ಣು ಮಂಜಾಗಿ ದಾರ ಹೋಗಲಿಲ್ಲ. ಟೈಲರನಿಗೆ ನಿಜಕ್ಕೂ ಕರುಳು ಚುರುಕ್ಕೆಂದಿತು. ಬಂದರಿನದ್ದೇ ತೆಗೆದುಕೊಳ್ಳೋಣ ಎನ್ನಲು ಬಾಯಿ ತೆರೆದ. ಅಷ್ಟರಲ್ಲಿ ಏಳು ದಿನದ ನಿದ್ದೆ ನೆನಪಾಗಿ ಬಾಯಿ ಮುಚ್ಚಿ, ಭಾವಮೈದನಿಗೆ ಫೋನು ಮಾಡಿದ.

ಏಳಕ್ಕೆ ಭಾವಮೈದ ಕುಣಿಯುತ್ತ ಬಂದು, ಗಂಡ ಹೆಂಡತಿ ಇಬ್ಬರಿಗೂ ಒಂದೊಂದು ಟಿಕೆಟ್ ಕೊಟ್ಟ. "ಭಾವ, ನಿಮ್ಮ ಬಾಯಿಗೆ ಸಕ್ಕರೆ ಹಾಕ! ನಿಮ್ಮ ಹಡಗಿಗೆ ಈ ಬೀದಿಯಿಂದಲೇ ಇನ್ನೂ ಒಂಬತ್ತು ಟಿಕೆಟ್ ಹೋಯ್ತು!"

ಅವನ ಬೆನ್ನ ಹಿಂದೆ ಹೆಡ್ ಮೇಡಂ ನಿಂತಿದ್ದರು. ಅವರ ಹಿಂದೆ ಡಾಕ್ಟರು, ಬೇಕರಿಯವನು, ಇನ್ನೂ ಆರು ಜನ.

"ನಿಮ್ಮ ಭಾವಮೈದನನ್ನೇ ಹೋಗಿ ಕೇಳಿದೆ" ಎಂದರು ಹೆಡ್ ಮೇಡಂ. "ಬೆಳಿಗ್ಗೆ ಹಡಗು ಹತ್ತುವವರು ಸಂಜೆ ಕೋಟು ಹೇಗೆ ಕೊಡ್ತಾರೆ? ಎಲ್ರಿಗೂ ಹೇಳಿದೆ. ದಡದ ಮೇಲೆ ನೀವು ಕೈಗೆ ಸಿಗಲ್ಲ. ಏಳು ದಿನ ನೀರಿನ ಮಧ್ಯೆ ಎಲ್ಲಿಗೆ ಹೋಗ್ತೀರಿ ನೋಡೋಣ. ಹೇಗೂ ಶಾಲೆಗೆ ರಜೆ."

"ಹೊಟ್ಟೆ ತೊಳೆಸೋದಕ್ಕೆ ಮಾತ್ರೆ ತಗೊಂಡಿದ್ದೀನಿ" ಎಂದರು ಡಾಕ್ಟರು.

ಟೈಲರ್ ಭಾವಮೈದನ ಅಂಗಿ ಹಿಡಿದುಕೊಂಡ. "ನಂಗೆ ಬಂದರಿನ ಹಡಗೇ ಬೇಕು! ಎಂಟಕ್ಕೆ ಎಂಟರಲ್ಲೂ ಇಳೀತೀನಿ!"

"ಅದರಲ್ಲಿ ಇನ್ನು ಒಂದೇ ಒಂದು ಜಾಗ ಇದೆ ಭಾವ."

"ಅದು ನಂಗೆ" ಎಂದಳು ಹೆಂಡತಿ, ಕಣ್ಣೊರೆಸಿಕೊಂಡು. ತನ್ನ ಟಿಕೆಟನ್ನು ತಮ್ಮನ ಕೈಗಿಟ್ಟಳು. ಬೆಳಿಗ್ಗೆಯಿಂದ ಇಷ್ಟು ಚೆನ್ನಾಗಿ ನಕ್ಕಿರಲಿಲ್ಲ ಅವಳು.

ಟೈಲರ್ ಸುತ್ತಲೂ ನೋಡಿದ. ಹೊಲಿಗೆ ಯಂತ್ರ ಕಣ್ಣಿಗೆ ಬಿತ್ತು. ಮುಳುಗುವವನಿಗೆ ಹುಲ್ಲುಕಡ್ಡಿ ಸಿಕ್ಕಂತಾಯಿತು. "ಆದ್ರೆ ಮೇಡಂ, ಇಷ್ಟು ದೊಡ್ಡ ಮೆಷಿನ್ ಹಡಗಿಗೆ ಹತ್ತಿಸೋಕೆ ಬಿಡಲ್ಲವಲ್ಲ!" ಎಂದು ಗೆದ್ದವನಂತೆ ಎದೆ ಉಬ್ಬಿಸಿದ.

"ಪರವಾಗಿಲ್ಲ" ಎಂದರು ಹೆಡ್ ಮೇಡಂ. "ಕೈಹೊಲಿಗೆಯಾದ್ರೂ ಆಗುತ್ತೆ ಅಂತ ಎಲ್ರೂ ಒಪ್ಪಿದ್ದೀವಿ."