ಸಾರಾಂಶ: ಗುಂಯ್

ನಮ್ಮ ದೂರು ಆಲಿಕೆ ಕಚೇರಿಯಲ್ಲಿ ಕಳೆದ ಎಂಟು ವರ್ಷಗಳಿಂದ ಒಂದೇ ಒಂದು ದೂರೂ ಬಾಕಿ ಉಳಿದಿಲ್ಲ ಎಂಬುದನ್ನು ಈ ಮೂಲಕ ಸಾರ್ವಜನಿಕರ ಗಮನಕ್ಕೆ ತರಲಾಗಿದೆ. ಇದಕ್ಕೆ ಕಾರಣ ನಮ್ಮ ಶ್ರಮ ಮತ್ತು ನಮ್ಮ ಹೆಡ್‌ಫೋನುಗಳು. ನಮ್ಮ ಶ್ರಮದ ಬಗ್ಗೆ ನಾವೇ ಹೇಳಿಕೊಂಡರೆ ಚೆನ್ನಾಗಿರುವುದಿಲ್ಲ. ಆದ್ದರಿಂದ ಹೆಡ್‌ಫೋನುಗಳ ಬಗ್ಗೆ ಹೇಳುತ್ತೇನೆ.

ಊರಿನ ಜನ ಫೋನು ಮಾಡಿ ದೂರು ಹೇಳುತ್ತಾರೆ. ಯಂತ್ರ ಅದನ್ನು ರೆಕಾರ್ಡು ಮಾಡಿಕೊಳ್ಳುತ್ತದೆ. ಐದು ಮೇಜುಗಳಲ್ಲಿ ಕೂತ ನಾವು ಐದು ಜನ ಅದನ್ನು ಕೇಳಿ, ರಿಜಿಸ್ಟರಿನ 'ಸಾರಾಂಶ' ಎಂಬ ಕಾಲಮ್ಮು ತುಂಬಿಸಿ, 'ಆಲಿಸಲಾಗಿದೆ' ಎಂದು ಮೊಹರು ಒತ್ತುತ್ತೇವೆ. ಹೆಡ್‌ಫೋನು ಕಿವಿಯನ್ನು ಪೂರ್ತಿ ಮುಚ್ಚುವಂಥದ್ದು, ಅದರ ಬೆನ್ನೂ ಮುಚ್ಚಿದ್ದು. ಒಳಗಿನ ಪ್ಲಾಸ್ಟಿಕ್ ಬಟ್ಟಲು ಮಾತ್ರ ಖಾಲಿ. ಫೋನಿನಲ್ಲಿ ಯಾರು ಏನೇ ಗೋಳಾಡಿಕೊಂಡರೂ ಆ ಬಟ್ಟಲೊಳಗೆ ನಾಲ್ಕು ಸುತ್ತು ಹೊಡೆದು ಕಿವಿಗೆ ಬರುವಾಗ 'ಗುಂಯ್' ಎಂದಷ್ಟೇ ಆಗಿರುತ್ತದೆ. ನಾವು ಪ್ರಾಮಾಣಿಕರು, ಕೇಳಿಸಿದ್ದನ್ನೇ ಬರೆದೆವು. ಮೊದಲೆರಡು ವರ್ಷ 'ಗುಂಯ್' ಎಂದು ಕೈಯಲ್ಲೇ ಬರೆಯುತ್ತಿದ್ದೆವು. ಆಮೇಲೆ ಸಿಬ್ಬಂದಿಯ ಬೆರಳುಗಳ ಹಿತದೃಷ್ಟಿಯಿಂದ ಅದನ್ನು ರಿಜಿಸ್ಟರಿನಲ್ಲೇ ಅಚ್ಚು ಹಾಕಿಸಲಾಯಿತು. ಈಗ ಮೊಹರು ಒತ್ತಿದರೆ ಕೆಲಸ ಮುಗಿಯಿತು. ದಿನಕ್ಕೆ ತಲಾ ತೊಂಬತ್ತು ದೂರು ಸಲೀಸಾಗಿ ಇತ್ಯರ್ಥವಾಗುತ್ತವೆ.

ಇಂಥ ಕಚೇರಿಗೆ ಕಂಟಕ ಬಂದದ್ದು ಮೂರನೇ ಮೇಜಿನಿಂದ.

ಮೂರನೇ ಮೇಜಿನವರನ್ನು ನಾನು ಅಣ್ಣ ಎನ್ನುತ್ತೇನೆ. ಒಳ್ಳೆಯ ಮನುಷ್ಯ, ಆದರೆ ಕೈ ಸುಮ್ಮನಿರುವುದಿಲ್ಲ. ಒಂದು ಶನಿವಾರ ಹಳೆಯ ಹಾಡು ಕೇಳಲೆಂದು ಕಚೇರಿಯ ಹೆಡ್‌ಫೋನನ್ನು ಮನೆಗೆ ಒಯ್ದರು. ಎಲ್ಲ ಗಾಯಕರೂ ದಿಂಬಿಗೆ ಮುಖ ಒತ್ತಿಕೊಂಡು ಹಾಡಿದಂತೆ ಕೇಳಿಸಿತಂತೆ. ಭಾನುವಾರ ಬೆಳಿಗ್ಗೆ ಕಿವಿಮೆತ್ತೆ ಕಿತ್ತು, ಅದರಡಿಯ ನಾಲ್ಕು ಸ್ಕ್ರೂ ಬಿಚ್ಚಿದರು. ಬಟ್ಟಲಿನ ಒಳಗೋಡೆಗೆ ಮಕ್ಕಳು ಆಡುವ ಬಣ್ಣದ ಮಣ್ಣನ್ನು ತೆಳ್ಳಗೆ ಮೆತ್ತಿದರು, ಪ್ಲಾಸ್ಟಿಕ್ಕು ನಡುಗಬಾರದೆಂದು. ಅದರ ಮೇಲೆ ಹಿಂಜಿದ ಹತ್ತಿ. ಮೊದಲು ಹತ್ತಿ ಹೆಚ್ಚಾಗಿ ದನಿ ಸೊರಗಿತು, ಅರ್ಧ ತೆಗೆದರು. ಹಿಂದಿನ ಸೂಜಿಮೊನೆಯಷ್ಟಿನ ತೂತಿಗೆ ಗಾಯಕ್ಕೆ ಹಚ್ಚುವ ಟೇಪು ಅಂಟಿಸಿದರು. ಅವರ ಹೆಂಡತಿ ಮನೆಯಲ್ಲೇ ಬಟ್ಟೆ ಹೊಲಿಯುತ್ತಾರೆ. ಅವರು ಸ್ಪಂಜು ಕತ್ತರಿಸಿ ದಪ್ಪನೆಯ ಕಿವಿಮೆತ್ತೆ ಹೊಲಿದುಕೊಟ್ಟರು. ಸಂಜೆಯ ಹೊತ್ತಿಗೆ ಗಾಯಕ ಉಸಿರು ಎಳೆದುಕೊಳ್ಳುವುದೂ ಕೇಳಿಸುತ್ತಿತ್ತಂತೆ. ಇದರ ಹಿಂದೆ ಸಾರ್ವಜನಿಕರ ಮಾತು ಕೇಳುವ ದುರುದ್ದೇಶ ಖಂಡಿತ ಇರಲಿಲ್ಲ ಎಂದು ಅಣ್ಣ ಆಮೇಲೆ ಲಿಖಿತವಾಗಿಯೇ ತಿಳಿಸಿದ್ದಾರೆ.

ಸೋಮವಾರ ಹನ್ನೊಂದು ಗಂಟೆಗೆ ಅಣ್ಣ ಕೂತಲ್ಲೇ ಬೆವತರು.

"ಏನಾಯ್ತಣ್ಣ?" ಎಂದೆ.

"ನಮ್ಮನೆಯವಳು ಕಣೋ. ಮಾತಾಡ್ತಾ ಇದ್ದಾಳೆ."

ಹೆಡ್‌ಫೋನನ್ನು ನನ್ನ ಕಿವಿಗೆ ಇಟ್ಟರು. ಅತ್ತಿಗೆಯ ದನಿ ಎದುರಿಗೇ ಕೂತಷ್ಟು ಸ್ಪಷ್ಟವಾಗಿತ್ತು: "ಇದು ನನ್ನ ಹದಿನಾಲ್ಕನೇ ಫೋನು. ಮನೆ ಮುಂದಿನ ಚರಂಡಿ ಮೇಲಿನ ಕಲ್ಲು ನಡುಮಧ್ಯೆ ಬಿರುಕು ಬಿಟ್ಟಿದೆ. ಬಟ್ಟೆ ಹೊಲಿಸೋಕೆ ಬರೋರು ಕಂಕುಳಲ್ಲಿ ಮಗು ಎತ್ಕೊಂಡು ಅದರ ಮೇಲೇ ಬರ್ತಾರೆ. ಯಾರಾದ್ರೂ ಬಿದ್ದ ಮೇಲೆ ಬರ್ತೀರಾ? ನಮ್ಮ ಯಜಮಾನ್ರು ಅಲ್ಲೇ ಕೆಲಸ ಮಾಡೋದು. ಅವರಿಗೂ ಹೇಳಿದ್ದೆ. ಆಫೀಸಿಗೆ ಫೋನ್ ಮಾಡು ಅಂದ್ರು."

ರಿಜಿಸ್ಟರಿನಲ್ಲಿ ಅತ್ತಿಗೆಯ ನಂಬರು ಹುಡುಕಿ ನೋಡಿದರೆ, ಹಿಂದಿನ ಹದಿಮೂರು ಮೊಹರುಗಳಲ್ಲಿ ಒಂಬತ್ತು ಅಣ್ಣನವೇ, ನಾಲ್ಕು ನನ್ನವು. ಆ ನಾಲ್ಕನ್ನು ಇನ್ನೊಮ್ಮೆ ಎಣಿಸಿದೆ. ಕಚೇರಿಯ ವೇಳೆಯಲ್ಲಿ ಹಾಗೆ ಮಾಡಬಾರದು.

ಅಣ್ಣ ತಡೆದುಕೊಳ್ಳಲಾಗದೆ ರಿಜಿಸ್ಟರಿನಲ್ಲಿ ಅಚ್ಚಾಗಿದ್ದ 'ಗುಂಯ್' ಅನ್ನು ಹೊಡೆದುಹಾಕಿ, ಚಪ್ಪಡಿಯ ವಿಷಯವನ್ನು ಆರು ಸಾಲಿನಲ್ಲಿ ಬರೆದುಬಿಟ್ಟರು. ಅರ್ಧ ಅಂಗುಲದ ಕಾಲಮ್ಮಿನಲ್ಲಿ ಆರು ಸಾಲು ಹಿಡಿಯುತ್ತದೆಯೇ? ಅಕ್ಷರಗಳು ಕೆಳಗಿಳಿದು ಬೇರೆ ಐದು ದೂರುಗಳ ಜಾಗ ನುಂಗಿದವು. ಆಮೇಲೆ ಬಂದ ದೂರುಗಳೂ ಸ್ಪಷ್ಟವಾಗಿಯೇ ಕೇಳಿಸಿದವು, ಅವನ್ನೂ ಬರೆದರು. ಸಂಜೆ ನೋಡಿದರೆ ತೊಂಬತ್ತರ ಜಾಗದಲ್ಲಿ ಹನ್ನೊಂದು. ಎಂಟು ವರ್ಷದಲ್ಲಿ ಮೊದಲ ಸಲ ನಮ್ಮ ಕಚೇರಿಯಲ್ಲಿ ಬಾಕಿ ಎಂಬುದು ಹುಟ್ಟಿತು.

ಅಧೀಕ್ಷಕರು ಅಣ್ಣನನ್ನು ಕರೆಸಿದರು.

"ಏನ್ರೀ ಇದು?"

"ಕೇಳಿಸಿತು ಸಾರ್."

"ಕೇಳಿಸ್ತು ಅಂದ್ರೆ? ಎಲ್ಲರಿಗೂ ಕೇಳಿಸದೇ ಇರೋದು ನಿಮಗೊಬ್ಬರಿಗೇ ಹೇಗ್ರೀ ಕೇಳಿಸುತ್ತೆ?"

"ಹತ್ತಿ ತುಂಬಿದೆ ಸಾರ್."

ಅಧೀಕ್ಷಕರು ಆ ಹೆಡ್‌ಫೋನನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದರು. ಮರುದಿನ ನೋಟಿಸು ಬಂತು: "ತಾವು ಕರ್ತವ್ಯದ ವೇಳೆಯಲ್ಲಿ ನಾಗರಿಕರೊಬ್ಬರ ಮಾತನ್ನು ಆದ್ಯಂತವಾಗಿ ಅರ್ಥ ಮಾಡಿಕೊಂಡಿರುವುದು ಮೇಲ್ನೋಟಕ್ಕೆ ಕಂಡುಬಂದಿದೆ. ಸದರಿ ನಾಗರಿಕರು ತಮ್ಮ ಧರ್ಮಪತ್ನಿಯೇ ಆಗಿರುವುದರಿಂದ ಅಪರಾಧ ಇನ್ನಷ್ಟು ಗಂಭೀರವಾಗಿದೆ. ತಮ್ಮನ್ನು ಕೆಲಸದಿಂದ ಏಕೆ ತೆಗೆಯಬಾರದು ಎಂಬುದಕ್ಕೆ ಮೂರು ದಿನಗಳೊಳಗೆ ಸಮಜಾಯಿಷಿ ನೀಡತಕ್ಕದ್ದು."

ಮೂವರ ತನಿಖಾ ಸಮಿತಿ ಬಂತು. ಅತ್ತಿಗೆಯ ರೆಕಾರ್ಡು ಹಚ್ಚಿ, ಒಬ್ಬೊಬ್ಬರಾಗಿ ಆ ಹೆಡ್‌ಫೋನು ಹಾಕಿಕೊಂಡರು. ಮೊದಲಿನವರು ಬಿಸಿ ಪಾತ್ರೆ ಮುಟ್ಟಿದವರಂತೆ ತೆಗೆದರು. ಎರಡನೆಯವರು ಕರ್ಚೀಫಿನಿಂದ ಕಿವಿ ಒರೆಸಿಕೊಂಡರು. ಮೂರನೆಯವರು ಪೂರ್ತಿ ಕೇಳಿ, "ಪಾಪ, ಆ ಕಲ್ಲು..." ಎಂದುಬಿಟ್ಟರು. ಅವರನ್ನು ತಕ್ಷಣವೇ ಸಮಿತಿಯಿಂದ ಕೈಬಿಡಲಾಯಿತು.

ಉಳಿದಿಬ್ಬರ ವರದಿ ಬಹಳ ಉದಾರವಾಗಿತ್ತು. ನೌಕರರ ಕೈಚಳಕ ಮೆಚ್ಚತಕ್ಕದ್ದೆಂದೂ, ದಿಕ್ಕು ಮಾತ್ರ ತಪ್ಪಿದೆಯೆಂದೂ, ಇತ್ತೀಚೆಗೆ ಕೆಲವು ನಾಗರಿಕರು ಗಂಟಲು ಹರಿಯುವಂತೆ ಕೂಗುವುದರಿಂದ ಹಳೆಯ ಹೆಡ್‌ಫೋನುಗಳಲ್ಲೂ ಅಲ್ಲೊಂದು ಇಲ್ಲೊಂದು ಪದ ನುಸುಳುತ್ತಿದೆಯೆಂದೂ, ಇನ್ನು ಏನೂ ನುಸುಳದಂತೆ ಐದನ್ನೂ ಸದರಿ ನೌಕರರಿಂದಲೇ ಸುಧಾರಣೆ ಮಾಡಿಸತಕ್ಕದ್ದೆಂದೂ ಬರೆದಿದ್ದರು. ಮಾಡದಿದ್ದರೆ ಮನೆಗೆ.

"ಏನ್ಮಾಡ್ತೀಯಣ್ಣ?" ಎಂದು ಕೇಳಿದೆ.

"ಕೆಲಸ ಹೋದ್ರೆ ಏನೋ ಮಾಡೋದು? ಕಲ್ಲು ಇನ್ನೂ ನಿಂತಿದೆಯಲ್ಲ," ಎಂದರು. ನನ್ನ ಮುಖ ನೋಡಲಿಲ್ಲ.

ಮುಂದಿನ ಭಾನುವಾರ ಅದೇ ಸ್ಕ್ರೂ, ಅದೇ ಮಣ್ಣು, ಅದೇ ಹತ್ತಿ. ಈ ಸಲ ಬಟ್ಟಲು ಬಾಯಿ ತುಂಬುವವರೆಗೂ ಮೆತ್ತಿದರು. ಅತ್ತಿಗೆ ಮೆತ್ತೆ ಹೊಲಿದುಕೊಡಲಿಲ್ಲವಂತೆ, ಅಣ್ಣನೇ ಹೊಲಿದುಕೊಂಡರು. ಐದರಲ್ಲೂ ಈಗ ಗುಂಯ್ ಕೂಡ ಕೇಳಿಸುವುದಿಲ್ಲ. ಅದರಿಂದ ಕೆಲಸಕ್ಕೇನೂ ತೊಂದರೆಯಾಗಲಿಲ್ಲ, ಗುಂಯ್ ಹೇಗೂ ಅಚ್ಚಾಗಿದೆ. ಹುಟ್ಟಿದ್ದ ಬಾಕಿಗೂ ಮೊಹರು ಬಿದ್ದು ಲೆಕ್ಕ ಚುಕ್ತಾ ಆಯಿತು.

ಬಳಕೆಗೆ ಮುನ್ನ ಸುಧಾರಿತ ಹೆಡ್‌ಫೋನನ್ನು ರಸ್ತೆಯ ಗದ್ದಲದಲ್ಲಿ ಪರೀಕ್ಷಿಸಬೇಕೆಂಬ ನಿಯಮವನ್ನು ಅಧೀಕ್ಷಕರು ಅಂದೇ ರಚಿಸಿದರು. ಸೋಮವಾರ ಅಣ್ಣ ಅದನ್ನು ಹಾಕಿಕೊಂಡೇ ಮನೆಗೆ ನಡೆದರು. ಪರೀಕ್ಷೆಗೆ ಸಾಕ್ಷಿಯಾಗಿ ನಾನು ಇಪ್ಪತ್ತು ಹೆಜ್ಜೆ ಹಿಂದಿದ್ದೆ. ಬಸ್ಸು ಹಾರನ್ ಹೊಡೆಯಿತು, ಅಣ್ಣ ತಿರುಗಲಿಲ್ಲ. ತರಕಾರಿ ಗಾಡಿಯವನು ಬೈದ, ಅಣ್ಣ ತಿರುಗಲಿಲ್ಲ. ಅವರ ಓಣಿಗೆ ಬಂದಾಗ ಅತ್ತಿಗೆ ಕಿಟಕಿಯಿಂದ ಅರ್ಧ ಹೊರಗೆ ಬಾಗಿ, "ರೀ, ನಿಲ್ರೀ! ಕಲ್ಲು ಮಧ್ಯಾಹ್ನ ಬಿದ್ದುಹೋಯ್ತು! ನಿಲ್ರೀ ಅಲ್ಲೇ!" ಎಂದು ಕೂಗಿದರು. ಅಣ್ಣ ನಗುತ್ತಾ ಕೈ ಬೀಸಿದರು, ಮುಂದಕ್ಕೆ ಹೆಜ್ಜೆ ಇಟ್ಟರು.

ಬಲಗಾಲು ಎರಡು ಕಡೆ ಮುರಿದಿದೆ. ಹೆಡ್‌ಫೋನಿಗೆ ಏನೂ ಆಗಿಲ್ಲ. ಪರೀಕ್ಷೆಯಲ್ಲಿ ತೇರ್ಗಡೆಯಾಗಿದೆ ಎಂದು ನಾನೇ ಸಹಿ ಹಾಕಿದೆ.

ಮರುದಿನ ಅತ್ತಿಗೆ ಕಚೇರಿಗೇ ಬಂದರು. ದೂರನ್ನು ಖುದ್ದಾಗಿ ಸ್ವೀಕರಿಸುವಂತಿಲ್ಲ, ಫೋನಿನಲ್ಲೇ ಹೇಳಬೇಕು ಎಂದು ವಿನಯದಿಂದ ತಿಳಿಸಿದೆ. ಅವರು ಜಗಳವಾಡಲಿಲ್ಲ. ನನ್ನ ಮೇಜಿನ ಮುಂದೆಯೇ ನಿಂತು ನಮ್ಮ ನಂಬರಿಗೆ ಫೋನು ಹಚ್ಚಿ ಮಾತಾಡಿದರು. ನಾನು ಹೆಡ್‌ಫೋನು ಹಾಕಿಕೊಂಡೆ. ನಮ್ಮಿಬ್ಬರ ನಡುವೆ ಒಂದು ಮೇಜಿನಷ್ಟು ಅಂತರ. ಅವರ ತುಟಿ ಅಲುಗುವುದು ಕಾಣುತ್ತಿತ್ತು, ಕಣ್ಣಲ್ಲಿ ನೀರು ತುಂಬಿದ್ದೂ ಕಾಣುತ್ತಿತ್ತು. ಸುಳ್ಳೇಕೆ ಹೇಳಲಿ, ನನಗೆ ತುಂಬ ಸಂಕಟವಾಯಿತು. ಮೊಹರು ಒತ್ತಿದೆ.

"ಕೇಳಿಸ್ತಾ?" ಎಂದರು, ನಾನು ಹೆಡ್‌ಫೋನು ತೆಗೆದ ಮೇಲೆ.

"ಕೇಳಿದೆ ಅತ್ತಿಗೆ."

"ಏನಂದೆ ಹೇಳಿ ನೋಡೋಣ."

ರಿಜಿಸ್ಟರನ್ನು ಅವರ ಕಡೆ ತಿರುಗಿಸಿದೆ. ಅತ್ತಿಗೆ ಸಾರಾಂಶವನ್ನು ಓದಿದರು. ಮೇಲಿನದನ್ನೂ ಓದಿದರು, ಅದರ ಮೇಲಿನದನ್ನೂ ಓದಿದರು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು, ತಣ್ಣಗೆ ಕೇಳಿದರು:

"ಇಂಥದ್ದು ಒಂದು ಜೊತೆ ಮನೆಗೆ ಕೊಡ್ತೀರಾ? ಅವರು ಮಂಚದ ಮೇಲೆ ಮಲಗಿಕೊಂಡು ಬೆಳಿಗ್ಗೆಯಿಂದ ನೀರು ಕೊಡೇ, ದಿಂಬು ಕೊಡೇ, ಕಾಲು ನೋಯ್ತಿದೆ ಕಣೇ ಅಂತ ಒಂದೇ ಸಮನೆ ದೂರು ಹೇಳ್ತಿದ್ದಾರೆ. ಮೊಹರೂ ಒಂದಿದ್ರೆ ಕೊಡಿ."

ಅಧೀಕ್ಷಕರಿಗೆ ಇದರಲ್ಲಿ ತಪ್ಪೇನೂ ಕಾಣಲಿಲ್ಲ. ಸಹಿ ಹಾಕಿಸಿಕೊಂಡು ಮೂರನೇ ಮೇಜಿನ ಹೆಡ್‌ಫೋನು, ಮೊಹರು, ಅರ್ಧ ಬಳಸಿದ ರಿಜಿಸ್ಟರು ಕೊಟ್ಟು ಕಳಿಸಿದೆವು. ಅಂದಿನಿಂದ ಆ ಮನೆಯಲ್ಲೂ ಯಾವ ದೂರೂ ಬಾಕಿ ಇಲ್ಲ.